ಡಿಎಕ್ಸ್ ನೋಡೋಕೆ ಯಾವ್ದು: ಪಿಎಸ್‌ಕೆ ರಿಪೋರ್ಟರ್, ಆರ್‌ಬಿಎನ್, ಕ್ಲಸ್ಟರ್?

ಹ್ಯಾಮ್ ರೇಡಿಯೋದಲ್ಲಿ ಡಿಎಕ್ಸ್ ಅಂದ್ರೆ ದೂರದ ಸ್ಟೇಷನ್‌ಗಳ ಸಂಪರ್ಕ. ಯಾರ ಸಿಗ್ನಲ್ ಎಲ್ಲಿ ಕೇಳ್ತಿದೆ ಅಂತ ತೋರಿಸೋ ಈ ಮೂರು ಆನ್‌ಲೈನ್ ಸೇವೆಗಳೂ ಫ್ರೀ, ದುಡ್ಡಿನ ಪ್ರಶ್ನೆ ಇಲ್ಲ, ನೀವು ಯಾವ ಮೋಡಲ್ಲಿ (ಸಿಗ್ನಲ್ ಕಳಿಸೋ ವಿಧಾನ) ಇರ್ತೀರ ಅನ್ನೋದೇ ಮುಖ್ಯ. ಕಂಪ್ಯೂಟರ್ ಮೂಲಕ ಕಳಿಸೋ ಡಿಜಿಟಲ್ ಮೋಡ್ ಎಫ್‌ಟಿ8 ಆದ್ರೆ ಪಿಎಸ್‌ಕೆ ರಿಪೋರ್ಟರ್ ಸುಲಭ, ಸಿಕ್ಯು (ಯಾರಾದ್ರೂ ಇದ್ದೀರಾ ಅನ್ನೋ ಕರೆ) ಕೊಟ್ಟು ಐದಾರು ನಿಮಿಷ ಬಿಟ್ಟು ಬ್ರೌಸರಲ್ಲಿ ಮ್ಯಾಪ್ ನೋಡಿದ್ರೆ ಸಿಗ್ನಲ್ ಜಪಾನಿಗೆ ಹೋಯ್ತಾ ಯುರೋಪಿಗೆ ಹೋಯ್ತಾ ಗೊತ್ತಾಗುತ್ತೆ. ಮೋರ್ಸ್ ಮಾಡೋರಿಗೆ ಆರ್‌ಬಿಎನ್ (ರಿವರ್ಸ್ ಬೀಕನ್ ನೆಟ್‌ವರ್ಕ್), ಅಲ್ಲಿ ಸ್ಕಿಮ್ಮರ್‌ಗಳು, ಅಂದ್ರೆ ಮೋರ್ಸ್ ಓದೋ ರಿಸೀವರ್‌ಗಳು, ತಾವೇ ಕೇಳಿ ಸಿಗ್ನಲ್ ಎಷ್ಟು ಡೆಸಿಬಲ್, ಸ್ಪೀಡ್ ಎಷ್ಟು ಅಂತ ಹಾಕ್ತವೆ, ಎರಡು ಆಂಟೆನಾ ಹೋಲಿಸೋಕೆ ನಂಗಂತೂ ಇದೇ ಇಷ್ಟ. ಆದ್ರೆ ವಾಯ್ಸ್ ಇವೆರಡಕ್ಕೂ ಸಿಗಲ್ಲ. ಎಸ್‌ಎಸ್‌ಬಿಲಿ (ಮಾತಾಡೋ ಮೋಡ್) ಲಕ್ಷದ್ವೀಪದ ವಿಯು7 (ಅಲ್ಲಿನ ಕಾಲ್‌ಸೈನ್, ಅಂದ್ರೆ ಸ್ಟೇಷನ್ ಗುರುತು, ಶುರುವಾಗೋದು ಹೀಗೆ) ಥರ ಅಪರೂಪದ ಸ್ಟೇಷನ್ ಹುಡುಕ್ತಿದ್ರೆ ಡಿಎಕ್ಸ್ ಕ್ಲಸ್ಟರೇ ಬೇಕು, ಅಲ್ಲಿ ಸ್ಪಾಟ್ (ಯಾವ ಸ್ಟೇಷನ್ ಯಾವ ಫ್ರೀಕ್ವೆನ್ಸಿಲಿ ಇದೆ ಅನ್ನೋ ಸೂಚನೆ) ಹಾಕೋದು ಹ್ಯಾಮ್‌ಗಳೇ, ಕಾಲ್‌ಸೈನ್ ತಪ್ಪಿರಬಹುದು, ಹಾಗಾಗಿ ನಿಮ್ಮ ಕಿವಿಲಿ ಕೇಳಿ ಖಾತ್ರಿ ಮಾಡ್ಕೊಂಡೇ ಲಾಗ್ ಮಾಡಿ.