7 ಔನ್ಸ್ ಎಂಎಂಎ ಗ್ಲೌಸ್: ಬಾಕ್ಸಿಂಗ್ ಗ್ಲೌಸ್‌ಗೆ ಬದಲಿ ಅಲ್ಲ

ಬಾಕ್ಸಿಂಗ್‌ನಿಂದ ಎಂಎಂಎಗೆ (ಗುದ್ದು, ಒದೆ, ಕುಸ್ತಿ ಎಲ್ಲ ಸೇರಿದ ಮಿಶ್ರ ಸಮರಕಲೆ) ಬರುವವರು ಮೊದಲು ಕೊಳ್ಳಬೇಕಾದದ್ದು 7 ಔನ್ಸ್‌ನ ಸ್ಪಾರಿಂಗ್ (ಜೊತೆಗಾರನೊಂದಿಗಿನ ಅಭ್ಯಾಸ ಕಾಳಗ) ಗ್ಲೌಸ್. ಪಂದ್ಯದಲ್ಲಿ ಹಾಕುವ 4 ಔನ್ಸ್‌ನದಲ್ಲ. 7 ಔನ್ಸ್‌ನದು ಒಂದೊಂದೂ ಸುಮಾರು 200 ಗ್ರಾಂ ತೂಕ, ಅಂಗೈ ತೆರೆದಿದೆ, ಬೆರಳ ತುದಿ ಹೊರಗಿದೆ. ಗುದ್ದಿದ ಕೈಯಲ್ಲೇ ಎದುರಾಳಿಯ ಮಣಿಕಟ್ಟನ್ನು ಹಿಡಿಯಬಹುದು. 16 ಔನ್ಸ್‌ನ ಬಾಕ್ಸಿಂಗ್ ಗ್ಲೌಸ್‌ನಲ್ಲಿ ಅದು ಆಗದ ಮಾತು.

ಆದರೆ ಬಾಕ್ಸರ್‌ಗಳು ಇಲ್ಲೇ ಎಡವುತ್ತಾರೆ. ದೊಡ್ಡ ಗ್ಲೌಸ್ ಹಿಂದೆ ಮುಖ ಮುಚ್ಚಿಕೊಂಡು ಅಭ್ಯಾಸ. ಇಲ್ಲಿ ಎರಡು ಕೈಗಳ ನಡುವಿನ ಸಂದಿಯಲ್ಲೇ ಏಟು ನುಗ್ಗುತ್ತದೆ.

ಕೊಳ್ಳುವಾಗ ಮುಷ್ಟಿ ಬಿಗಿದು ನೋಡಿ: ಫೋಮ್ ನಾಲ್ಕೂ ಗೆಣ್ಣುಗಳನ್ನು ದಾಟಿ ಕೆಳಗೆ ಇಳಿದಿರಬೇಕು. ಕಿರುಬೆರಳ ಗೆಣ್ಣು ಹೊರಗಿಣುಕಿದರೆ ಆ ಜೋಡಿ ಬೇಡವೇ ಬೇಡ. 4.5 ಮೀಟರ್ ಹ್ಯಾಂಡ್‌ರ‍್ಯಾಪ್ (ಗ್ಲೌಸ್ ಒಳಗೆ ಕೈಗೆ ಸುತ್ತುವ ಬಟ್ಟೆ ಪಟ್ಟಿ) ಸುತ್ತಿದರೆ ಒಳಗೆ ಕೈ ತೂರುವುದು ಕಷ್ಟ, 2.5 ಮೀಟರ್‌ನದು ಸಾಕು. ವೆಲ್ಕ್ರೋ ಪಟ್ಟಿಯ ತುದಿ ಎದ್ದಿದ್ದರೆ ನೆಲದ ಕುಸ್ತಿಯಲ್ಲಿ ಜೊತೆಗಾರನ ಚರ್ಮ ಗೀರುತ್ತದೆ, ಮೇಲೆ ಟೇಪ್ ಸುತ್ತಿ.

ಹೆವಿ ಬ್ಯಾಗ್ (ಗುದ್ದಿ ಅಭ್ಯಾಸ ಮಾಡುವ ತೂಗುಚೀಲ) ಗುದ್ದಲು ಇದನ್ನು ಬಳಸಲೇಬೇಡಿ. ಫೋಮ್ ಬೇಗ ಕುಗ್ಗುತ್ತದೆ, ಆಮೇಲೆ ಆ ಗಟ್ಟಿ ಏಟು ಬೀಳುವುದು ಜೊತೆಗಾರನ ಹುಬ್ಬಿಗೆ.