ಮಳೆಗಾಲದಲ್ಲಿ ರ‍್ಯಾಂಕ್ ಮ್ಯಾಚ್ ಆಡುವವರೇ, ಸ್ವಲ್ಪ ನೋಡಿಕೊಳ್ಳಿ

ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಮೊಬೈಲಲ್ಲಿ ಆನ್‌ಲೈನ್ ಗೇಮ್ ಆಡುವವರಿಗೆ ಇದನ್ನು ಬರೆಯುತ್ತಿದ್ದೇನೆ. ಮಳೆಗೆ ನೆಟ್ ಹೋಗಿ ಹೋಗಿ ನನ್ನ ಗೇಮ್ ಅಕೌಂಟೇ ಬಂದ್ ಆಯಿತು, ಅದಕ್ಕೆ. ಕರಾವಳಿಯವರೂ ಓದಿ, ನಿಮ್ಮಲ್ಲೇನು ಮಳೆ ಕಡಿಮೆಯಾ? ಗೇಮಿನ ಹೆಸರು ಬೇಡ. ನಾಲ್ಕು ಜನ ಸೇರಿ ಗುಂಡು ಹಾರಿಸುವ ಯಾವುದೋ ಒಂದು ಅಂದುಕೊಳ್ಳಿ. ರ‍್ಯಾಂಕ್ ಮ್ಯಾಚ್ ಅಂದರೆ ಗೆದ್ದರೆ ದರ್ಜೆ ಏರುವ, ಸೋತರೆ ಇಳಿಯುವ ಮ್ಯಾಚ್.

ನಮ್ಮ ಮನೆ ಪೇಟೆಯಿಂದ 14 ಕಿಲೋಮೀಟರ್ ಒಳಗೆ, ಅಡಿಕೆ ತೋಟದ ಪಕ್ಕ. ಫೈಬರ್ ವೈರು ಕರೆಂಟ್ ಕಂಬದ ಮೇಲೇ ಬರುತ್ತದೆ, ಮರ ಬಿದ್ದರೆ ಎರಡೂ ಒಟ್ಟಿಗೇ ಹೋಗುತ್ತವೆ. ಕಳೆದ ಜುಲೈನಲ್ಲಿ ಒಂದೇ ವಾರದಲ್ಲಿ ನಾಲ್ಕು ಸಲ ಮ್ಯಾಚ್ ಮಧ್ಯೆ ಹೀಗಾಯಿತು. ಇನ್ವರ್ಟರ್ ಇರುವುದರಿಂದ ರೌಟರ್ ಉರಿಯುತ್ತಿರುತ್ತದೆ, ಆದರೆ ಅದರಲ್ಲಿ ಕೆಂಪು ದೀಪ. ಆಗ ಜಗಲಿಯ ತುದಿಗೆ ಓಡಬೇಕು. ಎರಡು ಕಡ್ಡಿ ಸಿಗ್ನಲ್ ಸಿಗುವುದು ಅಲ್ಲಿ ಮಾತ್ರ. 50 ಇದ್ದ ಪಿಂಗ್ (ಡೇಟಾ ಗೇಮಿನ ಸರ್ವರಿಗೆ ಹೋಗಿ ಬರಲು ಹಿಡಿಯುವ ಮಿಲಿಸೆಕೆಂಡು) 700 ಆಗಿರುತ್ತದೆ, ಇರಚಲು ಮೈಮೇಲೆ ಬೀಳುತ್ತಿರುತ್ತದೆ, ಒಳಗಿಂದ ಆಯಿ "ಥಂಡಿ ಆಗ್ತು, ಒಳಗೆ ಬಾರೋ" ಅಂತ ಕೂಗುತ್ತಿರುತ್ತಾರೆ, ನಾನು ಮಾತ್ರ ಅಲ್ಲೇ ನಿಂತು ಆಡುತ್ತಿರುತ್ತೇನೆ.

ಅಷ್ಟು ಹೊತ್ತು ಎದುರಿನವರಿಗೆ ಏನು ಕಾಣುತ್ತದೆ ಗೊತ್ತಾ? ನಾನು ಗೋಡೆ ಪಕ್ಕ ಗೊಂಬೆ ಥರ ನಿಂತಿರುತ್ತೇನೆ. ಆಮೇಲೆ ಒಮ್ಮೆಲೇ ಹತ್ತು ಹೆಜ್ಜೆ ಆಚೆ. ತಡೆದು ನಿಂತ ಡೇಟಾ ಸಿಗ್ನಲ್ ಬಂದ ಕೂಡಲೇ ಒಟ್ಟಿಗೆ ಹೋಗುತ್ತದಲ್ಲ, ಅದಕ್ಕೆ. ಇದನ್ನೇ ಬೇಕಂತ ಮಾಡುವ ಕಳ್ಳರೂ ಇದ್ದಾರೆ. ಗುಂಡು ತಪ್ಪಿಸಿಕೊಳ್ಳಲು ನೆಟ್ಟನ್ನು ಒಂದು ಕ್ಷಣ ಕಟ್ ಮಾಡುತ್ತಾರೆ. ಅದಕ್ಕೆ ಲ್ಯಾಗ್ ಸ್ವಿಚ್ ಅಂತ ಹೆಸರು. ನಾನೂ ಅಂಥವನೇ ಅಂದುಕೊಂಡು ಎದುರಿನವರು ಸಿಟ್ಟಲ್ಲಿ ರಿಪೋರ್ಟ್ ಒತ್ತಿದರು. ಅರ್ಧಕ್ಕೆ ಬಿಟ್ಟು ಹೋದ ಅಂತ ನನ್ನದೇ ತಂಡಕ್ಕೆ ಸಿಕ್ಕ ಅಪರಿಚಿತರೂ ಒತ್ತಿದರು. ಅವರನ್ನು ಬೈಯಲ್ಲ, ನಾನಾದರೂ ಅದನ್ನೇ ಮಾಡುತ್ತಿದ್ದೆ.

ಶನಿವಾರ ಬೆಳಿಗ್ಗೆ ಗೇಮ್ ತೆರೆದರೆ ಅಕೌಂಟ್ ಶಾಶ್ವತ ಬಂದ್. ಕಾರಣ ಅಂತ ಒಂದೇ ಸಾಲು, ‘ಅನ್ಯಾಯದ ಲಾಭ ಪಡೆದಿದ್ದೀರಿ’ ಎಂಬ ಅರ್ಥದ್ದು. ಮೂರು ವರ್ಷದ ಅಕೌಂಟ್. ಸಪೋರ್ಟಿಗೆ ಬರೆದೆ, ತಂತಿ ಮೇಲೆ ಬಿದ್ದ ಹಲಸಿನ ಮರದ ಫೋಟೋನೂ ಹಾಕಿದೆ. 4 ನಿಮಿಷಕ್ಕೆ ಉತ್ತರ: ಪರಿಶೀಲಿಸಿದ್ದೇವೆ, ತೀರ್ಮಾನ ಬದಲಾಗಲ್ಲ. ಮತ್ತೆ ಬರೆದೆ. ಅದೇ ಪ್ಯಾರಾ, ಒಂದಕ್ಷರ ವ್ಯತ್ಯಾಸ ಇಲ್ಲ. ಮನುಷ್ಯ ಓದಿದ್ದರೆ ಆ ಮರದ ಬಗ್ಗೆ ಏನಾದರೂ ಕೇಳುತ್ತಿದ್ದ, ಅಲ್ವಾ? ಕಾರಣ ಪೂರ್ತಿ ಹೇಳಿದರೆ ಕಳ್ಳರು ಕಲಿತುಬಿಡುತ್ತಾರೆ ಅಂತ ಕಂಪನಿಯವರ ವಾದ. ಸರಿ, ಒಪ್ಪುತ್ತೇನೆ. ಆದರೆ ಆ ನಾಲ್ಕು ಮ್ಯಾಚಿನಲ್ಲೂ ನನ್ನ ತಂಡ ಸೋತಿದೆ. ಲಾಭ ಎಲ್ಲಿ ಬಂತು ಅಂತ ಒಮ್ಮೆ ನೋಡಬಹುದಿತ್ತು.

ಇನ್ನೊಂದು ನೋಡಿ. ಗೇಮ್ ಪುಕ್ಕಟೆ, ನಿಜವಾದ ಕಳ್ಳ ಅರ್ಧ ಗಂಟೆಯಲ್ಲಿ ಹೊಸ ಅಕೌಂಟ್ ಮಾಡಿಕೊಂಡು ಬರುತ್ತಾನೆ. ಪೆಟ್ಟು ಬೀಳುವುದು ಗೇಮಿನೊಳಗಿನ ಬಟ್ಟೆ, ಬಂದೂಕಿಗೆ ಅಂತ ದುಡ್ಡು ಹಾಕಿದವನಿಗೆ ಮಾತ್ರ.

ಚಾಟ್ ಕಾಯುವ ವ್ಯವಸ್ಥೆಯೂ ಇಷ್ಟೇ ಜಾಣ. ಒಮ್ಮೆ ಇಂಗ್ಲಿಷ್ ಅಕ್ಷರದಲ್ಲಿ ‘ಶಿಟ್ಟು ಬಂತು ಮಾರಾಯಾ’ ಅಂತ ಹೊಡೆದೆ. ಮೊದಲ ನಾಲ್ಕು ಅಕ್ಷರಕ್ಕೆ ನಕ್ಷತ್ರ ಹಾಕಿ ಎಚ್ಚರಿಕೆ ಕೊಟ್ಟಿತು! ಅದೇ ವಾರ ನನ್ನ ಚಿಕ್ಕಪ್ಪನ ಮಗಳಿಗೆ ಒಬ್ಬ ಹತ್ತು ನಿಮಿಷ ಅಚ್ಚ ಕನ್ನಡದಲ್ಲಿ ಹೊಲಸು ಬೈದ. ಅವಳು ರಿಪೋರ್ಟ್ ಮಾಡಿದರೆ ‘ನಿಯಮ ಉಲ್ಲಂಘನೆ ಕಂಡಿಲ್ಲ’.

ಈಗ ದುಡ್ಡಿನ ವಿಷಯ. ಯುಪಿಐ ಹಿಸ್ಟರಿ ತೆಗೆದು ಕೂಡಿಸಿದೆ: 6,380 ರೂಪಾಯಿ. 89, 159 ಅಂತ ಸುಮ್ನೆ ಸುಮ್ನೆ ಹೋದದ್ದು. ಬ್ಯಾನಿಗೆ 3 ದಿನ ಮುಂಚೆಯೂ 799 ಹಾಕಿದ್ದೆ. ಪ್ಲೇ ಸ್ಟೋರಿನಲ್ಲಿ ಖರೀದಿಯಾಗಿ 48 ಗಂಟೆ ಒಳಗೆ ಕೇಳಿದರೆ ಗೂಗಲ್ಲಿನಿಂದಲೇ ವಾಪಸ್ ಸಿಗುವ ಸಾಧ್ಯತೆ ಇರುತ್ತದೆ, ನನಗೆ ಆ ಹೊತ್ತು ದಾಟಿತ್ತು. ಆಮೇಲೆ ಕೂತು ಗೇಮಿನ ಕರಾರು ಓದಿದೆ. ಆ ಬಟ್ಟೆ, ಬಂದೂಕು ಯಾವುದೂ ನಮ್ಮದಲ್ಲ, ಬಳಸಲು ಕೊಟ್ಟ ಅನುಮತಿ ಅಷ್ಟೇ. 2020ರ ಸೆಪ್ಟೆಂಬರ್‌ನಲ್ಲಿ ಸರ್ಕಾರ ಪಬ್ಜಿ ಮೊಬೈಲ್ ನಿಷೇಧಿಸಿದಾಗಲೇ ನನಗೆ ಬುದ್ಧಿ ಬರಬೇಕಿತ್ತು. ‘ದಿ ಕ್ರ್ಯೂ’ ಅನ್ನುವ ಕಾರ್ ಗೇಮಿನ ಸರ್ವರ್ 2024ರ ಮಾರ್ಚ್ ಕೊನೆಗೆ ನಿಂತಾಗ ಅದನ್ನು ಕಾಸು ಕೊಟ್ಟು ಕೊಂಡವರೂ ಆಡಲಾಗದೆ ಕೂತರು.

ಹಾಗಾಗಿ ಮಳೆ ಜೋರಿದ್ದಾಗ ರ‍್ಯಾಂಕ್ ಮ್ಯಾಚ್ ಮುಟ್ಟಬೇಡಿ, ಆಡಲೇಬೇಕಾದರೆ ಸಾದಾ ಮ್ಯಾಚ್ ಆಡಿ. ನೆಟ್ ಹೋದ ಕೂಡಲೇ ಪಿಂಗ್, ಟೈಮ್ ಎರಡೂ ಕಾಣುವಂತೆ ಸ್ಕ್ರೀನ್‌ಶಾಟ್ ಹೊಡೆದುಕೊಳ್ಳಿ. ಬಿಲ್ಲಿನ ಇಮೇಲ್ ಅಳಿಸಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು. ನಾನು ಮಾಡಿದಾಗ ಮೊದಲು ಕೇಳಿದ್ದೇ ಬಿಲ್ಲು, ನನ್ನ ಹತ್ತಿರ ಇದ್ದದ್ದು ಎರಡೇ. ದೂರಿನ ನಂಬರ್ ಕೊಟ್ಟಿದ್ದಾರೆ, ಇನ್ನೂ ಏನೂ ಆಗಿಲ್ಲ. ಅಕೌಂಟ್ ವಾಪಸ್ ತೆಗೆಸಿಕೊಡುತ್ತೇವೆ, 500 ಕೊಡಿ ಅನ್ನುವವರು ಟೆಲಿಗ್ರಾಮಲ್ಲಿ ಬರುತ್ತಾರೆ. ನನಗೆ ಮೂರು ಜನ ಬಂದಿದ್ದರು, ಮೂವರೂ ಕೇಳಿದ್ದು ಪಾಸ್‌ವರ್ಡ್.

ಇಷ್ಟು ಬರೆಯುವಷ್ಟರಲ್ಲಿ ಕುಮಟಾದ ದೋಸ್ತನ ಮೆಸೇಜ್ ಬಂತು: "ಕರೆಂಟ್ ಹೋಯ್ತು ಮಾರಾಯಾ, ಮ್ಯಾಚ್ ಮಧ್ಯ ಇದ್ದೆ."