ಫ್ಲ್ಯಾಕ್, ವೇವ್‌ಪ್ಯಾಕ್, ಮಂಕೀಸ್ ಆಡಿಯೋ: ಯಾವುದು ನಿಜಕ್ಕೂ ಬೇಗ?

ಸಿರುಗುಪ್ಪದ ಹತ್ತಿರ ನಮ್ಮೂರಲ್ಲಿ ರಾತ್ರಿಯಿಡೀ ನಡೆದ ದೊಡ್ಡಾಟ ರೆಕಾರ್ಡ್ ಮಾಡಿದ್ದೆ. ಆರು ಗಂಟೆ, ಸಿಡಿ ಗುಣಮಟ್ಟದ ವೇವ್ ಫೈಲ್, ಸುಮಾರು 3.8 ಜಿಬಿ. ಮದ್ದಳೆಯ ಒಂದು ಪೆಟ್ಟೂ ಮಾಸಬಾರದು, ಹಾಗಾಗಿ ದನಿಯ ಒಂದಿಷ್ಟು ಭಾಗ ಬಿಟ್ಟು ಕುಗ್ಗಿಸುವ ಎಂಪಿ3 ಬೇಡ. ದನಿಯಲ್ಲಿ ಏನೂ ಕಳೆಯದೆ ಫೈಲ್ ಕುಗ್ಗಿಸುವ ಫ್ಲ್ಯಾಕ್, ವೇವ್‌ಪ್ಯಾಕ್, ಮಂಕೀಸ್ ಆಡಿಯೋ ಮೂರನ್ನೂ ಓಡಿಸಿ ನೋಡಿದೆ.

ಮೊದಲ ದಿನದ ಲೆಕ್ಕವೇ ತಪ್ಪಿತ್ತು. ಹೊರಗಿನ ಹಾರ್ಡ್‌ಡಿಸ್ಕ್‌ನಿಂದ ಒಂದು ಗಂಟೆಯ ತುಣುಕನ್ನು ಫ್ಲ್ಯಾಕ್‌ಗೆ ಕೊಟ್ಟೆ: 22 ಸೆಕೆಂಡ್. ಆಮೇಲೆ ವೇವ್‌ಪ್ಯಾಕ್: 15. ವೇವ್‌ಪ್ಯಾಕೇ ಗೆದ್ದಿತು ಅನ್ನಿಸಿತು. ಫ್ಲ್ಯಾಕ್ ಇನ್ನೊಮ್ಮೆ ಸುಮ್ನೆ ಓಡಿಸಿದರೆ 13! ಮೊದಲ ಸಲ ಡಿಸ್ಕಿನಿಂದ ಓದಿದ ಫೈಲ್ ರ‍್ಯಾಮ್‌ನಲ್ಲೇ ಉಳಿದಿತ್ತು. ಡಿಸ್ಕಿನ ನಿಧಾನವನ್ನು ಫ್ಲ್ಯಾಕ್ ತಲೆಗೆ ಕಟ್ಟಿದ್ದೆ. ಈಗ ಪ್ರತಿಯೊಂದನ್ನೂ ಒಮ್ಮೆ ಓಡಿಸಿ ಆ ಸಮಯ ಬಿಟ್ಟುಬಿಡುತ್ತೇನೆ. ಆಮೇಲೆ ಐದು ಸಲ ಓಡಿಸಿ ನಡುವಿನ ಅಂಕಿ ಹಿಡಿಯುತ್ತೇನೆ.

ಇನ್ನು ಬಳ್ಳಾರಿಯ ಬಿಸಿಲು. ಲ್ಯಾಪ್‌ಟಾಪ್ ಕಾದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಏಪ್ರಿಲ್ ಮಧ್ಯಾಹ್ನ ಸಾಲಾಗಿ ಓಡಿಸಿದರೆ ಕೊನೆಯದಕ್ಕೆ ಅನ್ಯಾಯ ಅಲ್ವಾ? ಬೆಳಗಿನ ಜಾವ 5ಕ್ಕೆ ಕೂತೆ. ಚಾರ್ಜರ್ ಹಾಕಿಟ್ಟು, ಪ್ರತಿ ಸುತ್ತಿಗೂ ಸರದಿ ಬದಲಿಸಿದೆ. 2025ರಲ್ಲಿ ಬಂದ ಫ್ಲ್ಯಾಕ್ 1.5 ಒಂದೇ ಫೈಲನ್ನು ಪ್ರೊಸೆಸರ್‌ನ ಹಲವು ಕೋರ್‌ಗಳಿಗೆ (ಒಟ್ಟೊಟ್ಟಿಗೆ ಕೆಲಸ ಮಾಡುವ ಭಾಗಗಳಿಗೆ) ಹಂಚಬಲ್ಲದು. ಅದನ್ನೂ ಒಂದೇ ಕೋರ್‌ನಲ್ಲಿ ಕಟ್ಟಿಹಾಕಿದೆ.

ಎಷ್ಟು ಬಿಗಿಯಾಗಿ ಕುಗ್ಗಿಸಬೇಕು ಅನ್ನುವುದಕ್ಕೆ ಮೂರರಲ್ಲೂ ಹಂತಗಳಿವೆ; ಫ್ಲ್ಯಾಕ್‌ನಲ್ಲಿ 0ರಿಂದ 8. ಹೀಗೆ ಅಳೆದಾಗ ಫ್ಲ್ಯಾಕ್ 5ನೇ ಹಂತಕ್ಕೂ ವೇವ್‌ಪ್ಯಾಕ್‌ನ ಮಾಮೂಲಿ ಹಂತಕ್ಕೂ ಹೇಳುವಂಥ ವ್ಯತ್ಯಾಸ ಇರಲಿಲ್ಲ. ಮಂಕೀಸ್‌ನ ಎಕ್ಸ್‌ಟ್ರಾ ಹೈ ಹಂತ ತುಂಬಾ ಹಿಂದೆ. ಆದರೆ ಅದರ ಫೈಲೇ ಎಲ್ಲಕ್ಕಿಂತ ಚಿಕ್ಕದು. ಗಾತ್ರ ಪಕ್ಕದಲ್ಲಿ ಬರೆಯದೆ ಬರೀ ಸೆಕೆಂಡ್ ಹೇಳಿದರೆ ಮಂಕೀಸ್‌ಗೆ ಮೋಸ.

ನನಗೆ ಮುಖ್ಯವಾಗಿದ್ದು ಕುಗ್ಗಿಸಿದ ಫೈಲನ್ನು ಕೇಳುವಾಗ ಮತ್ತೆ ಬಿಚ್ಚುವ ವೇಗ. ಕುಗ್ಗಿಸುವುದು ಒಂದು ಸಲ, ಕೇಳುವುದು ನೂರು ಸಲ. ಫ್ಲ್ಯಾಕ್‌ನಲ್ಲಿ 0 ಇರಲಿ, 8 ಇರಲಿ, ಬಿಚ್ಚಲು ಹಿಡಿಯುವ ಸಮಯ ಹೆಚ್ಚುಕಮ್ಮಿ ಒಂದೇ. ಮಂಕೀಸ್ ಕುಗ್ಗಿಸಲು ಎಷ್ಟು ಒದ್ದಾಡುತ್ತದೋ ಬಿಚ್ಚಲೂ ಅಷ್ಟೇ ಒದ್ದಾಡುತ್ತದೆ. ಹಳೇ ಮೊಬೈಲ್‌ನಲ್ಲಿ ಅದು ಬ್ಯಾಟರಿಗೂ ಭಾರ.

ಪೂರ್ತಿ ಆಟವನ್ನು ಫ್ಲ್ಯಾಕ್ 5ರಲ್ಲೇ ಇಟ್ಟೆ. ಮೇಳದ ಭಾಗವತರ ಹಳೇ ಆಂಡ್ರಾಯ್ಡ್ ಫೋನಿಗೂ ಹಾಕಿಕೊಟ್ಟೆ. ಅವರು ಬೆರಳಿಂದ ನಡುರಾತ್ರಿಯ ಪದಕ್ಕೆ ಸರಿಸಿದರು. ತಡವಿಲ್ಲದೆ ಮದ್ದಳೆ ಶುರುವಾಯಿತು.